ಬಲಿಪೂಜೆಯ ಚಿತ್ರೀಕರಣಕ್ಕೆ ಎಟೆಮ್ ಮಿನಿ ಪ್ರೊ: ಚಿಕ್ಕಮಗಳೂರಿನ ಒಂದು ಧರ್ಮಕೇಂದ್ರದ ಅನುಭವ

ಚಿಕ್ಕಮಗಳೂರಿನ ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ ಭಾನುವಾರದ ಬಲಿಪೂಜೆಯನ್ನು (ಮಾಸ್) ಚಿತ್ರೀಕರಿಸಲು ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆಯ ಎಟೆಮ್ ಮಿನಿ ಪ್ರೊ ಎಂಬ ವಿಡಿಯೋ ಸ್ವಿಚರ್ (ಹಲವು ಕ್ಯಾಮೆರಾಗಳ ಚಿತ್ರಗಳಲ್ಲಿ ಬೇಕಾದುದನ್ನು ಆರಿಸಿಕೊಡುವ ಪೆಟ್ಟಿಗೆ) ಬಳಸುತ್ತಿದ್ದೇವೆ. ತೋಟಗಳಿಂದ ಪೇಟೆಗೆ ಬರಲಾಗದ ಹಿರಿಯರು, ಹಾಸಿಗೆ ಹಿಡಿದವರು, ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುತ್ತಿರುವ ಮಕ್ಕಳು ಇದನ್ನು ನೋಡುತ್ತಾರೆ. ಚಿತ್ರ ಸ್ವಲ್ಪ ಮಸುಕಾದರೂ ಸರಿ, ಶುಭಸಂದೇಶದ ಒಂದು ಮಾತೂ ಅವರ ಕಿವಿಗೆ ತಪ್ಪಬಾರದು ಎಂಬ ಅಳತೆಗೋಲಿನಿಂದಲೇ ಈ ಉಪಕರಣವನ್ನು ತೂಗಿ ನೋಡಿದ್ದೇನೆ.

ಮೇಜಿನ ಮೂಲೆಯಲ್ಲಿ ಹಿಡಿಸುವ ಈ ಪೆಟ್ಟಿಗೆಗೆ ನಾಲ್ಕು ಎಚ್‌ಡಿಎಂಐ ಕ್ಯಾಮೆರಾಗಳನ್ನು ಜೋಡಿಸಬಹುದು. ಒಂದೊಂದು ಕ್ಯಾಮೆರಾ ಒಂದೊಂದು ಬಗೆಯ ಸಿಗ್ನಲ್ ಕಳುಹಿಸಿದರೂ ಅದನ್ನು ಹೊಂದಿಸಿಕೊಳ್ಳುವ ಪರಿವರ್ತಕ ಪ್ರತಿ ಇನ್‌ಪುಟ್‌ನಲ್ಲೂ ಇರುವುದರಿಂದ, ಯಾರೋ ದಾನವಾಗಿ ಕೊಟ್ಟ ಹಳೆಯ ಹ್ಯಾಂಡಿಕ್ಯಾಮ್ ಕೂಡ ಹೊಸ ಕ್ಯಾಮೆರಾದ ಪಕ್ಕದಲ್ಲಿ ಕೆಲಸಕ್ಕೆ ಬರುತ್ತದೆ. 2019ರಲ್ಲಿ ಬಂದ ಎಟೆಮ್ ಮಿನಿಯಲ್ಲಿ ರೆಕಾರ್ಡಿಂಗ್ ಸೌಲಭ್ಯವಿರಲಿಲ್ಲ. 2020ರ ಪ್ರೊ ಮಾದರಿ ಯುಎಸ್‌ಬಿ ಡಿಸ್ಕಿಗೆ ನೇರವಾಗಿ ರೆಕಾರ್ಡ್ ಮಾಡುತ್ತದೆ ಮತ್ತು ನಾಲ್ಕೂ ಕ್ಯಾಮೆರಾಗಳ ನೋಟವನ್ನು ಒಂದೇ ಟಿವಿಯಲ್ಲಿ ತೋರಿಸುತ್ತದೆ. ಗುಂಡಿಗಳು ದೊಡ್ಡದಾಗಿರುವುದರಿಂದ ಯುವಕ ಯುವತಿಯರು ಬೇಗನೆ ಕಲಿತುಕೊಳ್ಳುತ್ತಾರೆ. ಕೀರ್ತನೆಯ ಪಲ್ಲವಿಯನ್ನು ಪರದೆಯ ಮೇಲೆ ತೋರಿಸಬೇಕಾದಾಗ ಅಕ್ಷರಗಳನ್ನು ಚಿತ್ರವನ್ನಾಗಿ ಮಾಡಿ ಸೇರಿಸುವ ಕ್ರಮವಿರುವುದರಿಂದ ಕನ್ನಡದ ಒತ್ತಕ್ಷರಗಳು ಒಡೆಯುವುದಿಲ್ಲ, ಇದು ನನಗೆ ಬಹಳ ಸಮಾಧಾನ ತಂದ ವಿಷಯ.

ಆದರೆ ಈ ವ್ಯವಸ್ಥೆಯ ಗೆಲುವು ಸೋಲು ನಿರ್ಧಾರವಾಗುವುದು ಧ್ವನಿಯಲ್ಲಿ. ಹೆಚ್ಚಿನವರು ಸಭಾಂಗಣದ ಮೈಕ್‌ಗಳ ಧ್ವನಿಯನ್ನು ಬೆರೆಸುವ ಮಿಕ್ಸರ್‌ನ ಮುಖ್ಯ ಔಟ್‌ಪುಟ್‌ನಿಂದಲೇ ಸ್ವಿಚರ್‌ಗೆ ವೈರ್ ಎಳೆದುಬಿಡುತ್ತಾರೆ. ಗಾಯನ ಮಂಡಳಿಯ ಸ್ವರ ದೇವಾಲಯದೊಳಗೆ ತಾನಾಗಿಯೇ ತುಂಬಿಕೊಳ್ಳುವುದರಿಂದ ಮಿಕ್ಸರ್‌ನಲ್ಲಿ ಅದನ್ನು ತಗ್ಗಿಸಿಟ್ಟಿರುತ್ತಾರೆ. ಅದೇ ಮಿಶ್ರಣ ರೆಕಾರ್ಡಿಂಗ್‌ಗೆ ಹೋದಾಗ ಗುರುಗಳ ದನಿ ಮುಂದೆ ನಿಂತು ಹಾಡು ಎಲ್ಲೋ ದೂರದಲ್ಲಿ ಕೇಳಿಸುತ್ತದೆ. ಆದ್ದರಿಂದ ಮಿಕ್ಸರ್‌ನ ಆಕ್ಸ್ ಎಂಬ ಹೆಚ್ಚುವರಿ ಔಟ್‌ಪುಟ್‌ನಿಂದ ಪ್ರತ್ಯೇಕ ಮಿಶ್ರಣವನ್ನು, ಅದೂ ಪ್ರೀ-ಫೇಡರ್ ರೀತಿಯಲ್ಲಿ, ಅಂದರೆ ಸ್ಪೀಕರ್‌ನ ಧ್ವನಿ ಹೊಂದಿಸುವ ಜಾರುಗುಂಡಿಗಿಂತ ಮೊದಲೇ ತೆಗೆದು, ಕೊಡಬೇಕು. ಆಗ ಸ್ಪೀಕರ್‌ನ ಧ್ವನಿಯನ್ನು ಏರಿಸಿ ಇಳಿಸಿದರೂ ರೆಕಾರ್ಡಿಂಗ್ ಬದಲಾಗುವುದಿಲ್ಲ. ಎಟೆಮ್‌ನಲ್ಲಿರುವ ಎರಡು 3.5 ಮಿಲಿಮೀಟರ್ ಜ್ಯಾಕ್‌ಗಳಲ್ಲಿ ಒಂದಕ್ಕೆ ಈ ಮಿಶ್ರಣವನ್ನು, ಇನ್ನೊಂದಕ್ಕೆ ಸಭೆಯ ಪ್ರತ್ಯುತ್ತರಗಳನ್ನು ಹಿಡಿಯುವ ಮೈಕ್ ಅನ್ನು ಜೋಡಿಸಿದ್ದೇವೆ. ಮಿಕ್ಸರ್ ಜೋಡಿಸಿದ ಜ್ಯಾಕನ್ನು ದುರ್ಬಲ ಸಿಗ್ನಲ್‌ನ ಮೈಕ್ ಮಟ್ಟದಿಂದ ಬಲವಾದ ಸಿಗ್ನಲ್‌ನ ಲೈನ್ ಮಟ್ಟಕ್ಕೆ ಬದಲಿಸದಿದ್ದರೆ ದನಿ ಒಡೆಯುತ್ತದೆ. ಚಿತ್ರ ಕ್ಯಾಮೆರಾ ಮತ್ತು ಸ್ವಿಚರ್ ದಾಟಿ ಬರುವಷ್ಟರಲ್ಲಿ ತುಸು ತಡವಾಗಿ ತುಟಿಗಿಂತ ಮೊದಲೇ ಮಾತು ಕೇಳಿಸುತ್ತದೆ. ಇದನ್ನು ಸರಿಪಡಿಸಲು ಕೆಲವು ಫ್ರೇಮ್‌ಗಳ ವಿಳಂಬ ಕೊಡುವ ಅವಕಾಶ ಈ ಉಪಕರಣದಲ್ಲೇ ಇದೆ. ಮಳೆಗಾಲದಲ್ಲಿ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಸಭೆಯ ಮೈಕ್‌ಗೆ ನುಗ್ಗುವುದರಿಂದ, ಮಲೆನಾಡಿನ ದೇವಾಲಯಗಳು ಜೂನ್‌ನಿಂದ ಆ ಮೈಕನ್ನು ಬಹಳ ತಗ್ಗಿಸಿ, ವಾಚನ ಪೀಠದ ಮೈಕನ್ನು ಓದುವವರ ಬಾಯಿಗೆ ಹತ್ತಿರ ಇಡುವುದು ಒಳ್ಳೆಯದು.

ವೈರಿಂಗ್ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬಾರದು. ಉದ್ದನೆಯ ಅಗ್ಗದ ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಆಗಾಗ ಕಪ್ಪಾಗುತ್ತದೆ. ಹಿಂಬದಿಯ ಬಾಲ್ಕನಿಯಿಂದ ಕೇಬಲ್ ಎಳೆಯುವುದಾದರೆ ಚಿತ್ರವನ್ನು ದೂರದವರೆಗೂ ಸರಿಯಾಗಿ ಒಯ್ಯುವ ಎಸ್‌ಡಿಐ ಕೇಬಲ್‌ಗೆ ಬೇಕಾದ ಪರಿವರ್ತಕಗಳನ್ನು ಹಾಕಿಸುವುದೇ ಸರಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ, ಚಿತ್ರವನ್ನು ಸೆಕೆಂಡಿಗೆ 25 ಫ್ರೇಮ್‌ಗೆ ಇಟ್ಟರೆ ದೀಪಗಳ ಮಿನುಗಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಕ್ಯಾಮೆರಾಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದು ಭಕ್ತಿಗೆ ಸಂಬಂಧಿಸಿದ ಪ್ರಶ್ನೆಯೂ ಹೌದು. ಪವಿತ್ರ ವಿಧಿಗಳ ರೇಡಿಯೋ ಮತ್ತು ದೂರದರ್ಶನ ಪ್ರಸಾರವು ವಿವೇಚನೆಯಿಂದಲೂ ಘನತೆಯಿಂದಲೂ, ಧರ್ಮಾಧ್ಯಕ್ಷರು ನೇಮಿಸಿದ ಯೋಗ್ಯ ವ್ಯಕ್ತಿಯ ಮಾರ್ಗದರ್ಶನದಲ್ಲಿ ನಡೆಯಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಅದರಂತೆ ಒಂದು ಕ್ಯಾಮೆರಾ ಬಾಲ್ಕನಿಯಿಂದ ಬಲಿಪೀಠವನ್ನೂ, ಒಂದು ಪಕ್ಕದ ಕಂಬದ ಬಳಿಯಿಂದ ವಾಚನ ಪೀಠವನ್ನೂ, ಇನ್ನೊಂದು ಗಾಯನ ಮಂಡಳಿಯನ್ನೂ ನೋಡುವಂತೆ ಸ್ಥಿರವಾಗಿ ನಿಲ್ಲಿಸಿದ್ದೇವೆ. ಪೂಜೆಯ ನಡುವೆ ಯಾರೂ ಕ್ಯಾಮೆರಾ ಹಿಡಿದು ಓಡಾಡುವುದಿಲ್ಲ. ರೊಟ್ಟಿ ಮತ್ತು ಪಾತ್ರೆಯನ್ನು ಎತ್ತಿ ತೋರಿಸುವಾಗ ದೃಶ್ಯ ಬದಲಿಸದೆ ಬಲಿಪೀಠದ ಮೇಲೆಯೇ ನಿಲ್ಲುತ್ತೇವೆ. ಪರಮಪ್ರಸಾದ ಸ್ವೀಕರಿಸುವವರ ಮುಖಗಳನ್ನು ತೋರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸ್ವಿಚರ್‌ಗೆ ಒಳಬ್ಯಾಟರಿಯಿಲ್ಲ. ಕರೆಂಟು ಹೋದ ಕ್ಷಣವೇ ರೆಕಾರ್ಡಿಂಗ್ ನಿಲ್ಲುತ್ತದೆ. ಆದ್ದರಿಂದ ಸ್ವಿಚರ್, ಡಿಸ್ಕ್, ಕ್ಯಾಮೆರಾಗಳು ಮತ್ತು ಧ್ವನಿಯ ಮಿಕ್ಸರ್ ಎಲ್ಲವೂ ಒಂದೇ ಯುಪಿಎಸ್ ಮೇಲಿರಬೇಕು. ಹಾಗೆ ಮಾಡಿದರೆ ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದೂ ಹೆಚ್ಚಾಗಿ ಕಡಿಮೆಯಾಗುತ್ತದೆ. ಡಿಸ್ಕನ್ನು ದೊಡ್ಡ ಫೈಲುಗಳನ್ನೂ ಹಿಡಿಸಿಕೊಳ್ಳುವ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಡಿ. ಸೆಕೆಂಡಿಗೆ 10 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ಪೂಜೆ ಸುಮಾರು 4.5 ಜಿಬಿ ಜಾಗ ತೆಗೆದುಕೊಳ್ಳುತ್ತದೆ.

ಎರಡು ಅಥವಾ ಹೆಚ್ಚು ಕ್ಯಾಮೆರಾಗಳಿರುವ, ಕಲಿಯಲು ಆಸಕ್ತಿಯುಳ್ಳ ಯುವಜನರಿರುವ ಧರ್ಮಕೇಂದ್ರಗಳಿಗೆ ಇದನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಒಂದೇ ಕ್ಯಾಮೆರಾ ಸಾಕಾಗುವ ಸಣ್ಣ ಉಪದೇವಾಲಯಗಳು ಮಾತ್ರ ಸ್ವಿಚರ್ ಕೊಳ್ಳುವ ಬದಲು ಅದೇ ಹಣದಲ್ಲಿ ಒಳ್ಳೆಯ ಮೈಕ್, ಗಟ್ಟಿಯಾದ ಟ್ರೈಪಾಡ್ ಮತ್ತು ಯುಪಿಎಸ್ ಕೊಳ್ಳಲಿ.