ಮೂರು ಕಪಾಟುಗಳಲ್ಲಿ ಒಬ್ಬರೇ ಶ್ರೀರಂಗ: ಉಡುಪಿಯ ಒಂದು ಹಳೆಯ ಪುಸ್ತಕದಂಗಡಿ

ಉಡುಪಿಯ ರಥಬೀದಿಯಿಂದ ತೆಂಕಪೇಟೆಯತ್ತ ಹೊರಳುವ ಓಣಿಯೊಂದರಲ್ಲಿ ಈ ಅಂಗಡಿಯಿದೆ. ಮುಂಗಟ್ಟೆಯಲ್ಲಿ ಪಂಚಾಂಗ, ಲೆಕ್ಕದ ಪುಸ್ತಕ, ಶಾಲೆಯ ಸಾಮಗ್ರಿಗಳಷ್ಟೇ ಕಾಣುತ್ತವೆ. ಹಿಂದಿನ ಕೋಣೆಗೆ ದಾಟಿದವರಿಗೆ ಮಾತ್ರ ಹಳೆಯ ಕನ್ನಡ ಪುಸ್ತಕಗಳ ರಾಶಿ ಕಣ್ಣಿಗೆ ಬೀಳುತ್ತದೆ. ನಮ್ಮ ಹವ್ಯಾಸಿ ತಂಡಕ್ಕೆ ಶ್ರೀರಂಗರ ನಾಟಕವೊಂದನ್ನು ಆರಿಸುವ ಸಲುವಾಗಿ ಎರಡು ತಿಂಗಳಲ್ಲಿ ನಾಲ್ಕು ಬಾರಿ ಅಲ್ಲಿಗೆ ಹೋಗಿಬಂದೆ. ಹಾಗಾಗಿ ಒಬ್ಬ ಲೇಖಕನನ್ನು ಹುಡುಕಿ ಹೋದವನಿಗೆ ಈ ಅಂಗಡಿ ಹೇಗೆ ಒದಗುತ್ತದೆ ಎಂಬುದಷ್ಟನ್ನೇ ಇಲ್ಲಿ ಬರೆಯಬಲ್ಲೆ.

ಮೊದಲ ದಿನ ನನಗೆ ಸಿಕ್ಕಿದ್ದು ಒಂದೇ ಪುಸ್ತಕ. ಆಮೇಲೆ ತಿಳಿದದ್ದೇನೆಂದರೆ, ಅಂಗಡಿಯವರ ಬಳಿ ಶ್ರೀರಂಗರು ಬೇಕಾದಷ್ಟಿದ್ದಾರೆ, ಆದರೆ ಮೂವರು ಬೇರೆ ಬೇರೆ ಮನುಷ್ಯರಾಗಿ. ಆರ್. ವಿ. ಜಾಗೀರದಾರ ಎಂಬವರು ಸಂಸ್ಕೃತ ಮತ್ತು ಭಾಷಾಶಾಸ್ತ್ರದ ಕಪಾಟಿನಲ್ಲಿ, ಶ್ರೀರಂಗರು ನಾಟಕದ ಕಪಾಟಿನಲ್ಲಿ, ಆದ್ಯ ರಂಗಾಚಾರ್ಯರು ಸ್ತೋತ್ರ ಮತ್ತು ಭಜನೆಯ ಪುಸ್ತಕಗಳ ನಡುವೆ. ನಿಜಕ್ಕೆ ಮೂರೂ ಒಬ್ಬರದೇ ಹೆಸರುಗಳು: ಜಾಗೀರದಾರ ಮೊದಲಿನದು, ಆದ್ಯ ರಂಗಾಚಾರ್ಯ ಆಮೇಲಿನದು, ಶ್ರೀರಂಗ ಕಾವ್ಯನಾಮ. ಆಚಾರ್ಯ ಎಂಬ ಪದ ಕಂಡೊಡನೆ ಈ ಊರಿನಲ್ಲಿ ಪುಸ್ತಕ ಯಾವ ಕಡೆಗೆ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಇದು ಅಂಗಡಿಯ ದೊಡ್ಡ ಕುಂದು. ಆದರೆ ಆ ಬದುಕಿನ ಹಾದಿಯನ್ನು ಇಷ್ಟು ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟದ್ದೂ ಇದೇ ಕುಂದು.

ಜಾಗೀರದಾರರ ಕಪಾಟಿನಿಂದಲೇ ಆರಂಭಿಸಬೇಕು. ವಿಜಯಪುರ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಓದಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ವಿದ್ವಾಂಸರು ಇವರು. ಭಾರತೀಯ ಆರ್ಯ ಭಾಷೆಗಳ ತೌಲನಿಕ ಅಧ್ಯಯನಕ್ಕೆ ಇಂಗ್ಲಿಷಿನಲ್ಲಿ ಪ್ರವೇಶಿಕೆ ಬರೆದದ್ದು 1932ರಲ್ಲಿ, ಸಂಸ್ಕೃತ ನಾಟಕಗಳನ್ನು ಕುರಿತ ಗ್ರಂಥ ಹೊರಬಂದದ್ದು 1947ರಲ್ಲಿ. ಎರಡನೆಯದರ ಒಂದು ಪ್ರತಿ ಇಲ್ಲಿ 150 ರೂಪಾಯಿಗೆ ಸಿಕ್ಕಿತು. ಹಾಳೆಗಳು ಹಳದಿಗಟ್ಟಿದ್ದರೂ ಹೊಲಿಗೆ ಬಿಟ್ಟಿಲ್ಲ.

ನಾಟಕದ ಕಪಾಟಿನ ಮುಂದೆ ನಿಂತಾಗ ಕಾಲಗಣನೆ ಕುತೂಹಲ ಹುಟ್ಟಿಸುತ್ತದೆ. ಪಾಠ ಬಿಟ್ಟ ಮೇಲೆ ನಾಟಕಕ್ಕೆ ಕೈಹಾಕಿದವರು ಇವರೆಂದು ನಾನು ಬಹಳ ಕಾಲ ನಂಬಿದ್ದೆ; ಆದರೆ ‘ಉದರ ವೈರಾಗ್ಯ’ ಪ್ರಕಟವಾದದ್ದು 1930ರಲ್ಲಿ, ಎಂದರೆ ಆ ಭಾಷಾಶಾಸ್ತ್ರದ ಪುಸ್ತಕಕ್ಕಿಂತಲೂ ಮೊದಲು. ಹಗಲು ಕಾಳಿದಾಸನನ್ನು ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು ಅದೇ ಕಾಲದಲ್ಲಿ, ಕಂಪನಿ ನಾಟಕಗಳ ಹಾಡು ಮತ್ತು ವೈಭವಗಳಿಂದ ದೂರ ನಿಂತು, ಮನೆಯ ಪಡಸಾಲೆಯಲ್ಲಿ ಜನ ಆಡುವ ಮಾತಿನಲ್ಲೇ ಸಮಾಜವನ್ನು ಕುಟುಕುವ ನಾಟಕಗಳನ್ನು ಹವ್ಯಾಸಿಗಳ ಕೈಗೆ ಕೊಡುತ್ತಿದ್ದರು. ಏಕಾಂಕಗಳನ್ನು ಬಿಟ್ಟು, ಪೂರ್ಣಾವಧಿಯ ನಾಟಕಗಳೇ 40ಕ್ಕೂ ಹೆಚ್ಚಿವೆ. ಶೀರ್ಷಿಕೆಗಳಲ್ಲೇ ಆ ಕುಟುಕುತನ ಗೊತ್ತಾಗುತ್ತದೆ: ಅಶೋಕ ಚಕ್ರದ ಒಂದು ಅಕ್ಷರ ಕಳಚಿದರೆ ‘ಶೋಕಚಕ್ರ’. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಹಾಗೆ ಹೆಸರಿಡಲು ವ್ಯಾಕರಣದ ಜೊತೆಗೆ ಗುಂಡಿಗೆಯೂ ಬೇಕಿತ್ತು.

‘ಕೇಳು ಜನಮೇಜಯ’ವನ್ನು ನಾನು ಅಂಗಡಿಯ ಮುಕ್ಕಾಲಿಯ ಮೇಲೆ ಕುಳಿತೇ ಓದಿ ಮುಗಿಸಿದೆ, ಅವರು ಏಳಿಸಲಿಲ್ಲ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಮಹಾಭಾರತದಲ್ಲಿ ವೈಶಂಪಾಯನನು ಕಥೆ ಹೇಳುತ್ತಾನೆ, ಜನಮೇಜಯನು ಕೇಳುತ್ತಾನೆ. ಈ ನಾಟಕಕ್ಕೆ ಬಂದಾಗ, ಕೇಳಬೇಕಾದ ಆ ಜನ ನಾವೇ ಎಂಬ ಸಂದೇಹ ಮೊದಲ ಪುಟಗಳಲ್ಲೇ ಶುರುವಾಗುತ್ತದೆ. ‘ಸುನೋ ಜನಮೇಜಯ’ ಎಂಬ ಹೆಸರಿನಲ್ಲಿ ಇದು ಹಿಂದಿಗೂ ಹೋಯಿತು. ಸಂಸ್ಕೃತ ರಂಗದ ಸೂತ್ರಧಾರನು ಇಲ್ಲಿ ಶಿಷ್ಟಾಚಾರದ ನಾಂದಿ ಹಾಡಿ ಮರೆಯಾಗುವವನಲ್ಲ. ನಾಟ್ಯಶಾಸ್ತ್ರ ಬರೆದ ಭರತನನ್ನು ಅರಗಿಸಿಕೊಂಡ ಅಧ್ಯಾಪಕರಲ್ಲದೆ ಬೇರೆಯವರು ಆ ಹಳೆಯ ಉಪಾಯವನ್ನು ಇಷ್ಟು ಸಲೀಸಾಗಿ ಇಂದಿನ ರಾಜಕೀಯಕ್ಕೆ ತಿರುಗಿಸುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಂಸ್ಕೃತದ ಕಪಾಟನ್ನೂ ನಾಟಕದ ಕಪಾಟನ್ನೂ ಬೇರೆ ಮಾಡಿದ್ದು ತಪ್ಪೆಂದು ನಾನು ಹೇಳುವುದು ಇದಕ್ಕಾಗಿಯೇ.

ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1972ರ ಪದ್ಮಭೂಷಣ ಇತ್ಯಾದಿ ಎಲ್ಲರಿಗೂ ತಿಳಿದದ್ದೇ. ನನಗೆ ಹೆಚ್ಚು ಸೋಜಿಗವೆನಿಸಿದ್ದು ಬೇರೆ: ಕೇಂದ್ರ ಸಾಹಿತ್ಯ ಅಕಾಡೆಮಿಯು 1971ರಲ್ಲಿ ಇವರಿಗೆ ಪ್ರಶಸ್ತಿ ಕೊಟ್ಟದ್ದು ಯಾವ ನಾಟಕಕ್ಕೂ ಅಲ್ಲ, ‘ಕಾಳಿದಾಸ’ ಎಂಬ ವಿಮರ್ಶಾಗ್ರಂಥಕ್ಕೆ. 1984ರಲ್ಲಿ ತೀರಿಕೊಂಡ ಮೇಲೆ ಅವರು ಮಾಡಿದ್ದ ನಾಟ್ಯಶಾಸ್ತ್ರದ ಇಂಗ್ಲಿಷ್ ಅನುವಾದವೂ ಅಚ್ಚಾಯಿತು.

ಇನ್ನು ಮೂರನೆಯ ಕಪಾಟು. ‘ಉದರ ವೈರಾಗ್ಯ’ ನನಗೆ ಸಿಕ್ಕಿದ್ದು ಅಲ್ಲಿ, ದಾಸರ ಪದಗಳ ಸಂಗ್ರಹಗಳೊಡನೆ. ಆ ಮಾತು ಪುರಂದರದಾಸರದೇ ಆದ್ದರಿಂದ ಇಟ್ಟವರನ್ನು ಪೂರ್ತಿ ದೂರುವಂತಿಲ್ಲ. ಕೃಷ್ಣಮಠಕ್ಕೆ ಬಂದವರಾರಾದರೂ ಕೀರ್ತನೆಯೆಂದು ಅದನ್ನು ಕೊಂಡೊಯ್ದು ಮನೆಯಲ್ಲಿ ಬಿಡಿಸಿ ನೋಡಿದರೆ ಏನಾಗುತ್ತಿತ್ತೋ ಎಂದು ನಗು ಬಂತು. ಶ್ರೀರಂಗರಿಗೂ ಆ ಪ್ರಸಂಗ ಇಷ್ಟವಾಗುತ್ತಿತ್ತೇನೋ.

ದರಗಳು ನ್ಯಾಯವಾಗಿವೆ, ಹೆಚ್ಚಿನ ನಾಟಕಗಳು 40ರಿಂದ 80 ರೂಪಾಯಿಯೊಳಗೆ ಸಿಗುತ್ತವೆ. ಇಮ್ಮಡಿ ಹಣವನ್ನು ಠೇವಣಿಯಾಗಿಟ್ಟರೆ 15 ದಿನಕ್ಕೆ ಮನೆಗೂ ಕೊಡುತ್ತಾರೆ, ತಂಡದ ಓದಿಗೆ ಇದು ದೊಡ್ಡ ಅನುಕೂಲ. ಆದರೆ ನಾನು ಕೊಂಡ ‘ಶೋಕಚಕ್ರ’ದಲ್ಲಿ ಕೊನೆಯ ಎಂಟು ಪುಟಗಳಿರಲಿಲ್ಲ. ಮರಳಿ ಕೊಡಲು ಹೋದಾಗ ಹಣದ ಬದಲು ಬೇರೆ ಪುಸ್ತಕ ತೆಗೆದುಕೊಳ್ಳಿ ಎಂದರು, ಅದೂ ಸ್ವಲ್ಪ ಮುಖ ಗಂಟಿಕ್ಕಿಯೇ. ಹಿಂದಿನ ಕೋಣೆಯಲ್ಲಿ ಬೂಷ್ಟಿನ ವಾಸನೆ, ನುಸಿಗುಳಿಗೆಯ ಘಾಟು ಎರಡೂ ಇವೆ, ದೀಪ ಒಂದೇ. ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಬಾಗಿಲು ಹಾಕಿರುತ್ತಾರೆ. ಮೂರು ಹೆಸರುಗಳನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದೆ. ನಾಲ್ಕನೆಯ ಭೇಟಿಯ ಹೊತ್ತಿಗೆ ಜಾಗೀರದಾರರು ಶ್ರೀರಂಗರ ಪಕ್ಕಕ್ಕೆ ಬಂದಿದ್ದರು, ರಂಗಾಚಾರ್ಯರು ಮಾತ್ರ ಇನ್ನೂ ಭಜನೆಯ ಕಪಾಟಿನಲ್ಲೇ ಇದ್ದರು.