ಬಿಯಾವೊವಿಯೆಜಾ ಕಾಡಿನಲ್ಲಿ ಮಾರ್ಗದರ್ಶಿಯೊಡನೆ ನಡಿಗೆ: ಒಂದು ವಿಮರ್ಶೆ

ಪೋಲೆಂಡಿನ ಬಿಯಾವೊವಿಯೆಜಾ ರಾಷ್ಟ್ರೀಯ ಉದ್ಯಾನದಲ್ಲಿ 1921ರಿಂದ ಕಟ್ಟುನಿಟ್ಟಾಗಿ ಕಾಪಾಡಿಕೊಂಡು ಬಂದಿರುವ ಭಾಗಕ್ಕೆ ಪರವಾನಗಿ ಪಡೆದ ಮಾರ್ಗದರ್ಶಿಯ ಜೊತೆಯಲ್ಲದೆ ಪ್ರವೇಶವಿಲ್ಲ. ಸಮಶೀತೋಷ್ಣ ವಲಯದ ಎಲೆಯುದುರುವ ಕಾಡಿನ ಬದುಕನ್ನು ಅರಿಯಬಯಸುವವರಿಗೆ ಈ ನಿಯಮ ವರವೇ ಸರಿ.

ಏಪ್ರಿಲ್ ಕೊನೆಯ ಭಾಗದಲ್ಲಿ ಹೋಗುವುದು ಉತ್ತಮ. ಓಕ್, ಹಾರ್ನ್‌ಬೀಮ್, ಲಿಂಡೆನ್ ಮರಗಳು ಚಿಗುರಿ ನೆರಳು ಕವಿಯುವ ಮೊದಲು ನೆಲಕ್ಕೆ ಬೀಳುವ ಬಿಸಿಲನ್ನು ಬಳಸಿಕೊಂಡು, ಬಿಳಿ ಅನಿಮೋನ್ ಗಿಡಗಳು ಕೆಲವೇ ವಾರಗಳಲ್ಲಿ ಹೂಬಿಟ್ಟು, ನೆಲದಡಿಯ ಕಾಂಡದಲ್ಲಿ ಆಹಾರ ಕೂಡಿಟ್ಟುಕೊಂಡು ಬೇಸಿಗೆಯ ಹೊತ್ತಿಗೆ ಮರೆಯಾಗುತ್ತವೆ.

ನಮ್ಮ ಮಾರ್ಗದರ್ಶಿ ಉರುಳಿಬಿದ್ದ ಓಕ್ ಮರವೊಂದರ ಬಳಿ ಬಹಳ ಹೊತ್ತು ನಿಲ್ಲಿಸಿದರು. ತೊಗಟೆ ಕಳಚಿದ ಬೊಡ್ಡೆಯ ಮೇಲೆ ದಟ್ಟ ಪಾಚಿ, ಅದರಲ್ಲಿ ಬೇರೂರಿದ ಎಳೆಯ ಸಸಿಗಳು, ಬದಿಯಲ್ಲಿ ಗಟ್ಟಿಯಾದ ಅಣಬೆಗಳು. ಸತ್ತ ಮರವನ್ನು ಸಾಗಿಸದೆ ಬಿಟ್ಟಿರುವುದರಿಂದಲೇ ಬಿಳಿಬೆನ್ನಿನ ಮರಕುಟಿಗಕ್ಕೆ ಕೊಳೆತ ಮರದೊಳಗಿನ ಜೀರುಂಡೆಯ ಮರಿಹುಳುಗಳು ದೊರೆಯುತ್ತವೆ ಎಂದು ಅವರು ವಿವರಿಸಿದ ರೀತಿ ಮೆಚ್ಚತಕ್ಕದ್ದು. ಉದುರಿದ ಎಲೆಗಳು ಮಣ್ಣಾಗುವ ಬಗೆಯನ್ನು ಮಾತ್ರ ಅವಸರದಲ್ಲಿ ಮುಗಿಸಿದರು. ಈ ಕಾಡಿನ ಫಲವತ್ತತೆಗೆ ಅದು ಬಹುಮುಖ್ಯ ಆಧಾರವಾದ್ದರಿಂದ ಇದು ನಿಜವಾದ ಕೊರತೆ.

1919ರ ಹೊತ್ತಿಗೆ ಇಲ್ಲಿ ಅಳಿದುಹೋಗಿ, 1952ರಲ್ಲಿ ಮತ್ತೆ ಕಾಡಿಗೆ ಬಿಡಲಾದ ಯುರೋಪಿನ ಬೈಸನ್ ನೋಡುವುದಷ್ಟೇ ಉದ್ದೇಶವಾಗಿದ್ದರೆ ಈ ನಡಿಗೆ ನಿರಾಸೆ ತರಬಹುದು. ಮರಗಳನ್ನು ನಿಂತು ನೋಡುವ ತಾಳ್ಮೆಯುಳ್ಳವರಿಗೆ ಕೊಟ್ಟ ಶುಲ್ಕ ಸಾರ್ಥಕ.