ರೆಟಿನಾ ಆಪರೇಷನ್ ಆದಮೇಲೆ ಕಾರ್ನಿಯಾ ಸ್ಕ್ಯಾನ್: ಶಿವಮೊಗ್ಗದ ಒಂದು ಕ್ಲಿನಿಕ್

ಆಪರೇಷನ್ ಆಗುವುದು ಕಣ್ಣಿನ ಹಿಂಭಾಗಕ್ಕಾದರೂ ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾದ ಆಕಾರ ಬದಲಾಗಬಹುದು. ಅದನ್ನು ಅಳೆಯದೆ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಈ ಕ್ಲಿನಿಕ್‌ನ ಟೋಪೋಗ್ರಫಿ (ಕಾರ್ನಿಯಾದ ಬಾಗಿನ ನಕ್ಷೆ ತೆಗೆಯುವ) ವಿಭಾಗ ಹಿಡಿಸುವುದು ಇಲ್ಲೇ: ಮೊದಲು ಡಿಸ್ಚಾರ್ಜ್ ಚೀಟಿ ಓದುತ್ತಾರೆ. ಉಪಕರಣದ ದಪ್ಪದ ಅಳತೆಯೇ ಗೇಜ್, ಸಂಖ್ಯೆ ಹೆಚ್ಚಿದಷ್ಟೂ ತೆಳು. 23 ಅಥವಾ 25 ಗೇಜ್‌ನ ಹೊಲಿಗೆಯಿಲ್ಲದ ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವ ಆಪರೇಷನ್) ಆಗಿದ್ದರೆ ವ್ಯತ್ಯಾಸ ತೀರಾ ಕಡಿಮೆ. 20 ಗೇಜ್‌ನಲ್ಲಿ ಹೊಲಿಗೆ ಬಿಗಿಯಾದ ದಿಕ್ಕಿಗೆ ಕಾರ್ನಿಯಾದ ಬಾಗು ಹೆಚ್ಚಿ ಸಿಲಿಂಡರ್ ಪವರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಬರುತ್ತದೆ. ಹೊಲಿಗೆ ಕರಗಿದಂತೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಕಣ್ಣುಗುಡ್ಡೆಯ ಹೊರಗೋಡೆಗೆ ಪಟ್ಟಿ ಕೂರಿಸುವ ಸ್ಕ್ಲೆರಲ್ ಬಕಲ್ ಹಾಗಲ್ಲ. ಸುತ್ತಲೂ ಹಾಕಿದ ಪಟ್ಟಿ ಕಣ್ಣುಗುಡ್ಡೆಯನ್ನು ಉದ್ದವಾಗಿಸಿ ಮೈನಸ್ ಪವರ್ ಏರಿಸುತ್ತದೆ. ಒಂದೇ ಕಡೆ ಕೂರಿಸಿದ ಬಕಲ್ ಕಾರ್ನಿಯಾದ ಆಕಾರವನ್ನೇ ಓರೆ ಮಾಡಬಹುದು, ಆ ಓರೆ ಉಳಿದುಬಿಡಲೂಬಹುದು.

ಸ್ಕ್ಯಾನ್ ಮಾಡುವ ಕ್ರಮವೂ ಸರಿಯಾಗಿದೆ. ಮರಗಟ್ಟಿಸುವ ಹನಿ, ಕಣ್ಣೊತ್ತಡದ ಪರೀಕ್ಷೆ ಎಲ್ಲ ಆಮೇಲೆ. ರೆಪ್ಪೆ ಮಿಟುಕಿಸಿ ಅಗಲವಾಗಿ ತೆರೆದ ತಕ್ಷಣ ಚಿತ್ರ ತೆಗೆಯುತ್ತಾರೆ. ಕಣ್ಣು ಒಣಗಿದ್ದರೆ ಯಂತ್ರ ಕಾರ್ನಿಯಾದ ಮೇಲೆ ಬೀಳಿಸುವ ಬೆಳಕಿನ ಉಂಗುರಗಳು ಮುರಿದು ಸುಳ್ಳು ಸಿಲಿಂಡರ್ ತೋರುತ್ತದೆ. ಅಂಥದ್ದನ್ನು ಅಳಿಸಿ ಮತ್ತೆ ತೆಗೆಯುವ ತಾಳ್ಮೆ ಇವರಿಗಿದೆ.

ಕೊರತೆ ಕನ್ನಡಕದ ಕೌಂಟರ್‌ನಲ್ಲಿದೆ. ಮೊದಲ ಸ್ಕ್ಯಾನಿಗೇ ಆರ್ಡರ್ ಕೇಳುತ್ತಾರೆ, ಒಪ್ಪಬೇಡಿ. ಕೆಲವು ವಾರಗಳ ಅಂತರದ ಎರಡು ಅಳತೆ ಒಂದಕ್ಕೊಂದು ಹೊಂದಬೇಕು. ರೆಟಿನಾ ಕೂರಲೆಂದು ಕಣ್ಣೊಳಗೆ ತುಂಬಿದ ಸಿಲಿಕೋನ್ ಎಣ್ಣೆ ಇದ್ದರೆ ಅದನ್ನು ತೆಗೆದಮೇಲೆ ಪವರ್ ಮತ್ತೆ ಬದಲಾಗುತ್ತದೆ.

ಎಣ್ಣೆಯ ಬದಲು ಗ್ಯಾಸ್ ತುಂಬಿದ ಕಣ್ಣಿನವರಿಗೆ ಇಲ್ಲಿ ಎಚ್ಚರಿಕೆಯ ಫಲಕವೇ ಇಲ್ಲ, ಇದು ದೊಡ್ಡ ಲೋಪ. ಮಣಿಪಾಲದಲ್ಲಿ ಆಪರೇಷನ್ ಮಾಡಿಸಿಕೊಂಡು ಆಗುಂಬೆ ಘಾಟಿ ಹತ್ತಿದರೆ ಎತ್ತರದಲ್ಲಿ ಗಾಳಿಯ ಒತ್ತಡ ಇಳಿದು ಗ್ಯಾಸ್ ಹಿಗ್ಗಿ ಕಣ್ಣೊತ್ತಡ ಏರಬಹುದು. ಸರ್ಜನ್ ಒಪ್ಪದೆ ಸ್ಕ್ಯಾನಿಗೆಂದು ಹೊರಡಬೇಡಿ.